ಜಿಮ್ ಬಿಟ್ಟರೆ ಭುಜದ ನೋವು ಹೋಗುತ್ತದೆ, ವಾಪಸ್ ಹೋದರೆ ಬರುತ್ತದೆ. ಯಾಕೆ?

ಪ್ರಶ್ನೆ: ನನಗೆ 32 ವರ್ಷ. ನಾಲ್ಕು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಆರು ತಿಂಗಳಿಂದ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಬಾರ್ ಮೇಲಕ್ಕೆ ತಳ್ಳುವುದು) ಮಾಡುವಾಗ ಬಲಭುಜದ ಮುಂಭಾಗದಲ್ಲಿ ನೋವು. ಮೂರು ವಾರ ಜಿಮ್ ಬಿಟ್ಟೆ, ಪೂರ್ತಿ ಹೋಯಿತು. ವಾಪಸ್ ಹೋದ ಎರಡನೇ ದಿನವೇ ಮತ್ತೆ ಬಂತು. ಎಂಆರ್‌ಐ ಮಾಡಿಸಬೇಕಾ? ವೇಟ್ಸ್ ಪೂರ್ತಿ ಬಿಟ್ಟುಬಿಡಬೇಕಾ?

ಉತ್ತರ: ಬಿಡಬೇಡಿ. ಹಾಗಂತ ಈಗ ಮಾಡುತ್ತಿರುವ ರೀತಿಯಲ್ಲೇ ಮುಂದುವರಿಸಲೂಬೇಡಿ. ನನಗೆ ಬರುವ ಪತ್ರಗಳಲ್ಲಿ ಅತಿ ಹೆಚ್ಚು ಬಾರಿ ಕಾಣುವ ಪ್ರಶ್ನೆ ಇದು. ನಾನೂ ಇದೇ ನೋವಿನಲ್ಲಿ ಎಂಟು ತಿಂಗಳು ಕಳೆದಿದ್ದೇನೆ. ಬಿಡುವುದು, ಶುರು ಮಾಡುವುದು, ಮತ್ತೆ ಬಿಡುವುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೆಲದಿಂದ ಭಾರದ ಬಾರ್ ಎತ್ತುವ ಡೆಡ್‌ಲಿಫ್ಟ್ ಮಾಡುವವರ ಅಂಗೈ ಜಡ್ಡುಗಟ್ಟಿರುತ್ತದೆ, ಅಲ್ವಾ? ಎರಡು ತಿಂಗಳು ಬಾರ್ ಮುಟ್ಟದಿದ್ದರೆ ಆ ಜಡ್ಡು ಮೆತ್ತಗಾಗುತ್ತದೆ. ಅಂಗೈ ನೋಡಲು ಚೆನ್ನಾಗಿಯೇ ಇರುತ್ತದೆ, ಎಲ್ಲೂ ನೋವಿರಲ್ಲ. ಆದರೆ ವಾಪಸ್ ಹೋಗಿ ಹಳೇ ತೂಕ ಎತ್ತಿದ ದಿನ ಬೊಬ್ಬೆ ಏಳುತ್ತದೆ. ನಿಮ್ಮ ಭುಜದ ಕಥೆಯೂ ಇದೇ. ಮೂರು ವಾರದ ವಿಶ್ರಾಂತಿಯಲ್ಲಿ ನೋವು ಹೋಯಿತು, ನಿಜ. ಆದರೆ ಭಾರ ತಡೆಯುವ ತಾಕತ್ತು ಬೆಳೆಯಲಿಲ್ಲ, ಇದ್ದದ್ದೂ ಸ್ವಲ್ಪ ಕಮ್ಮಿಯಾಯಿತು. ನೀವು ಮಾತ್ರ ಹಳೇ ಪ್ಲೇಟುಗಳನ್ನೇ ಹಾಕಿದಿರಿ.

ಭುಜಕ್ಕೇ ಯಾಕೆ ಈ ಕಾಟ ಅಂದರೆ, ಅದರ ರಚನೆಯೇ ಹಾಗಿದೆ. ಸೊಂಟದ ಕೀಲು ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಆಳವಾಗಿ ಕೂತಿದೆ. ಭುಜದ ಕೀಲು ಸಾಸರ್ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಕೈ ಎಲ್ಲಾ ದಿಕ್ಕಿಗೂ ತಿರುಗುವುದು ಇದರಿಂದಲೇ. ಆ ಹಣ್ಣು ಉರುಳದಂತೆ ಹಿಡಿದಿಡುವುದರಲ್ಲಿ ದೊಡ್ಡ ಪಾಲು ರೋಟೇಟರ್ ಕಫ್ ಎಂಬ ನಾಲ್ಕು ಸಣ್ಣ ಮಾಂಸಖಂಡಗಳದ್ದು. ಅವು ಮೂಳೆಗೆ ಅಂಟುವುದು ಟೆಂಡನ್ ಎಂಬ ಗಟ್ಟಿ ಪಟ್ಟಿಗಳ ಮೂಲಕ. ಎದೆ, ತೋಳಿನ ಮಾಂಸಖಂಡ ಬೇಗ ಬಲಿಯುತ್ತದೆ. ಟೆಂಡನ್ ನಿಧಾನ. ತೂಕ ಬೇಗ ಬೇಗ ಏರಿಸಿದಾಗ ಎದೆ ತಯಾರಾಗಿರುತ್ತದೆ, ಟೆಂಡನ್ ಹಿಂದೆ ಉಳಿದಿರುತ್ತದೆ. ಜಿಮ್‌ನಲ್ಲಿ ಬರುವ ಭುಜದ ನೋವಿನಲ್ಲಿ ದೊಡ್ಡ ಪಾಲು ಹೀಗೆ ಶುರುವಾದದ್ದು.

ಹಾಗಾದರೆ ಏನು ಮಾಡಬೇಕು? ಭುಜಕ್ಕೆ ಭಾರ ಕೊಡುತ್ತಲೇ ಇರಬೇಕು, ಅದು ತಡೆಯುವಷ್ಟು ಮಾತ್ರ. ಎಷ್ಟು ತಡೆಯುತ್ತದೆ ಅಂತ ತಿಳಿಯಲು ಫಿಸಿಯೋಗಳು ಬಳಸುವ ಒಂದು ಸುಲಭ ಅಳತೆ ಇದೆ. ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ. ವ್ಯಾಯಾಮದ ಸಮಯದಲ್ಲಿ ಮೂರರವರೆಗೆ ಪರವಾಗಿಲ್ಲ. ಆದರೆ ನಿಜವಾದ ಪರೀಕ್ಷೆ ಮಾರನೇ ದಿನ ಬೆಳಗ್ಗೆ. ಶರ್ಟಿನ ತೋಳಿಗೆ ಕೈ ಹಾಕುವಾಗ, ಮೇಲಿನ ಶೆಲ್ಫಿನಿಂದ ಡಬ್ಬಿ ತೆಗೆಯುವಾಗ ಹೇಗಿದೆ ನೋಡಿ. ನಿನ್ನೆಗಿಂತ ಜಾಸ್ತಿ ಇದ್ದರೆ ಭಾರ ಜಾಸ್ತಿ ಆಯಿತು ಅಂತ ಅರ್ಥ. ಅಷ್ಟೇ ಇದ್ದರೆ ಅಥವಾ ಕಮ್ಮಿ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ನೋವಿನ ಮಾತ್ರೆ ನುಂಗಿ ಅಥವಾ ಸ್ಪ್ರೇ ಹೊಡೆದುಕೊಂಡು ಜಿಮ್‌ಗೆ ಹೋಗಬೇಡಿ. ಅಳತೆಯೇ ಸುಳ್ಳಾಗುತ್ತದೆ.

ಇನ್ನು ಬೆಂಚ್ ಪ್ರೆಸ್. ಮೊದಲು ನಿಮ್ಮ ಹಿಡಿತ ನೋಡಿ. ತುಂಬಾ ಅಗಲ ಹಿಡಿದಷ್ಟೂ ಭುಜದ ಮೇಲೆ ಒತ್ತಡ ಜಾಸ್ತಿ. ಎರಡು ಭುಜಗಳ ತುದಿಯ ನಡುವಿನ ಅಂತರದ ಒಂದೂವರೆ ಪಟ್ಟು ದಾಟದಿರಲಿ. ಆ ಅಂತರ 40 ಸೆಂ.ಮೀ. ಇದ್ದರೆ ಹಿಡಿತ 60 ಸೆಂ.ಮೀ. ಒಳಗೆ. ಪವರ್‌ಲಿಫ್ಟಿಂಗ್ ಬಾರ್ ಮೇಲಿನ ಎರಡು ಗುರುತುಗಳ ನಡುವೆ 81 ಸೆಂ.ಮೀ. ಇರುತ್ತದೆ. ಎಷ್ಟೋ ಹುಡುಗರು ಸುಮ್ನೆ ಆ ಗುರುತು ನೋಡಿ ಹಿಡಿಯುತ್ತಾರೆ. ಅದು ಸ್ಪರ್ಧೆಯಲ್ಲಿ ಅಗಲಕ್ಕೆ ಹಾಕಿದ ಗಡಿ, ಎಲ್ಲರೂ ಹಿಡಿಯಬೇಕಾದ ಜಾಗ ಅಲ್ಲ. ಆಮೇಲೆ ಮೊಣಕೈ. ಅದು ದೇಹಕ್ಕೆ ಅಡ್ಡಲಾಗಿ ನೇರ ಹೊರಗೆ ಚಾಚಿದ್ದರೆ ಸ್ವಲ್ಪ ಪಕ್ಕೆಯ ಕಡೆ ತನ್ನಿ. ಬೆನ್ನಿನ ಹಲಗೆ ಮೂಳೆಗಳನ್ನು ಹಿಂದಕ್ಕೆಳೆದು ಬೆಂಚಿಗೆ ಒತ್ತಿ ಮಲಗಿ.

ಇಷ್ಟಾದರೂ ನೋವಿದ್ದರೆ ಕೆಲವು ವಾರ ಬಾರ್ ಬಿಟ್ಟು ಡಂಬೆಲ್ ಹಿಡಿಯಿರಿ, ಅಂಗೈಗಳು ಒಂದನ್ನೊಂದು ನೋಡುವ ಹಾಗೆ. ಅದೂ ಆಗದಿದ್ದರೆ ನೆಲದ ಮೇಲೆ ಮಲಗಿ ಪ್ರೆಸ್ ಮಾಡಿ. ಮೊಣಕೈ ನೆಲಕ್ಕೆ ತಾಗಿ ನಿಲ್ಲುವುದರಿಂದ ಭುಜ ಆಳಕ್ಕೆ ಇಳಿಯಲ್ಲ. ಮುಂಭಾಗದ ನೋವಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡುವುದು ಆ ಕೊನೆಯ ಇಳಿತವೇ. ಕತ್ತಿನ ಹಿಂದೆ ಬಾರ್ ಇಳಿಸುವ ಪ್ರೆಸ್, ಎರಡು ಸರಳುಗಳ ಮೇಲೆ ಕೈ ಊರಿ ಆಳಕ್ಕೆ ಇಳಿಯುವ ಡಿಪ್ಸ್, ಮೊಣಕೈಯನ್ನು ಭುಜಕ್ಕಿಂತ ಮೇಲಕ್ಕೆತ್ತುವ ಅಪ್‌ರೈಟ್ ರೋ, ಈ ಮೂರನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ಜೊತೆಗೆ ಎಳೆಯುವ ವ್ಯಾಯಾಮ ಹೆಚ್ಚಿಸಿ. ಎಷ್ಟು ಜಿಮ್‌ಗಳಲ್ಲಿ ನೋಡಿದ್ದೇನೆ, ವಾರಕ್ಕೆ ಎರಡು ದಿನ ಎದೆ, ಬೆನ್ನಿಗೆ ಉಳಿದ ಹತ್ತು ನಿಮಿಷ. ಗರಡಿ ಮನೆಯಲ್ಲಿ ದಂಡ ಹೊಡೆದವರು ಗದೆಯನ್ನೂ ತಿರುಗಿಸುತ್ತಿದ್ದರು, ಹಗ್ಗವನ್ನೂ ಹತ್ತುತ್ತಿದ್ದರು. ಭುಜಕ್ಕೆ ಎಲ್ಲಾ ದಿಕ್ಕಿನ ಕೆಲಸವೂ ಸಿಗುತ್ತಿತ್ತು. ನೀವು ಒಂದು ಸೆಟ್ ತಳ್ಳಿದರೆ ಒಂದು ಸೆಟ್ ಎಳೆಯಿರಿ. ಭಾರವನ್ನು ಹೊಟ್ಟೆಯ ಕಡೆ ಎಳೆಯುವ ರೋ ಆಗಲಿ, ಮುಖದ ಕಡೆ ಹಗ್ಗ ಎಳೆಯುವ ಫೇಸ್ ಪುಲ್ ಆಗಲಿ.

ರೋಟೇಟರ್ ಕಫ್‌ಗಂತ ಒಂದೇ ಒಂದು ವ್ಯಾಯಾಮ ಹೇಳಿ ಅಂದರೆ ನಾನು ಹೇಳುವುದು ಇದು. ನೋವಿಲ್ಲದ ಮಗ್ಗುಲಿಗೆ ಮಲಗಿ. ನೋವಿರುವ ಕೈಯ ಮೊಣಕೈಗೂ ಪಕ್ಕೆಗೂ ನಡುವೆ ಮಡಚಿದ ಟವೆಲ್ ಇಡಿ. ಮೊಣಕೈ ಮಡಚಿ ಒಂದು ಕೆಜಿ ಡಂಬೆಲ್ ಹಿಡಿದು ಮುಂಗೈಯನ್ನು ಮೇಲಕ್ಕೆ ತಿರುಗಿಸಿ, ಮೂರು ಎಣಿಸುತ್ತಾ ಇಳಿಸಿ. 12ರಿಂದ 15 ಸಲ, ಮೂರು ಸೆಟ್, ದಿನ ಬಿಟ್ಟು ದಿನ. ಒಂದು ಕೆಜಿ ಅಂತ ತಾತ್ಸಾರ ಮಾಡಬೇಡಿ. ಸರಿಯಾಗಿ ಮಾಡಿದರೆ ಹತ್ತನೇ ಸಲಕ್ಕೇ ಭುಜದ ಹಿಂದೆ ಉರಿ ಗೊತ್ತಾಗುತ್ತದೆ.

ಈಗ ನಿಮ್ಮ ಎಂಆರ್‌ಐ ಪ್ರಶ್ನೆ. ಈ ಹಂತದಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. 1995ರಲ್ಲಿ ಅಮೆರಿಕದಲ್ಲಿ ಭುಜದ ನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ಶೇ. 34 ಜನರ ರೋಟೇಟರ್ ಕಫ್‌ನಲ್ಲಿ ಹರಿದ ಗುರುತಿತ್ತು. 60 ದಾಟಿದವರಲ್ಲಿ ಅದು ಶೇ. 54. ಅಂದರೆ ಫಿಲ್ಮ್‌ನಲ್ಲಿ ಕಂಡದ್ದೇ ನೋವಿಗೆ ಕಾರಣ ಅನ್ನಲು ಬರಲ್ಲ. ರಿಪೋರ್ಟ್ ಓದಿ ಹೆದರಿ ಕೈ ಆಡಿಸುವುದನ್ನೇ ಬಿಟ್ಟವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಮೂಳೆ ಟೆಂಡನ್‌ಗೆ ಉಜ್ಜುತ್ತಿದೆ, ಕೆರೆದು ಜಾಗ ಮಾಡಬೇಕು ಅಂತಲೂ ಕೆಲವರಿಗೆ ಹೇಳುತ್ತಾರೆ. ಈ ಉಜ್ಜುವಿಕೆಯ ವಾದ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರ 1972ರ ಲೇಖನದಿಂದ ಹರಡಿದ್ದು. ಆದರೆ 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಮೂಳೆ ಕೆರೆಯುವ ಆಪರೇಷನ್, ಒಂದಕ್ಕೆ ಕ್ಯಾಮೆರಾ ಹಾಕಿ ನೋಡಿದ್ದು ಮಾತ್ರ, ಇನ್ನೊಂದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಕೆರೆದವರಿಗೂ ಕೆರೆಯದೆ ಬರೀ ನೋಡಿ ಮುಚ್ಚಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಹರಿದ ಟೆಂಡನ್ ವಿಷಯ ಬೇರೆ, ಅದಕ್ಕೆ ಆಪರೇಷನ್ ಬೇಕಾಗಬಹುದು.

ಕೆಲವು ಲಕ್ಷಣ ಇದ್ದರೆ ಮಾತ್ರ ಕಾಯಬೇಡಿ. ಬಿದ್ದಾಗ ಅಥವಾ ಎತ್ತುವಾಗ ಟಪ್ ಅಂತ ಸದ್ದಾಗಿ ಆಮೇಲೆ ಕೈ ಎತ್ತಲು ಶಕ್ತಿಯೇ ಇಲ್ಲದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಕೈಗೆ ಜೋಮು ಇಳಿಯುತ್ತಿದ್ದರೆ, ಜ್ವರ ಇದ್ದರೆ, ಸುಮ್ಮನೆ ಮಲಗಿದ್ದರೂ ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ ಮೂಳೆ ವೈದ್ಯರ ಬಳಿ ಹೋಗಿ. ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯದ್ದಿರಬಹುದು, ತಕ್ಷಣ ಆಸ್ಪತ್ರೆಗೆ. ಸಕ್ಕರೆ ಕಾಯಿಲೆ ಇರುವವರಿಗೆ ಭುಜ ದಿನೇದಿನೇ ಬಿಗಿಯಾಗುತ್ತಾ ಹೋದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಅದರ ದಾರಿಯೇ ಬೇರೆ. ಇನ್ನು ನೋವು ಮುಂದೆ ಅಲ್ಲದೆ ಭುಜದ ಮೇಲ್ತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿದ್ದರೆ ಕೊರಳೆಲುಬಿನ ತುದಿಯ ಕೀಲನ್ನು ಪರೀಕ್ಷೆ ಮಾಡಿಸಿ. ಭಾರ ಎತ್ತುವವರಲ್ಲಿ ಆ ತುದಿ ಸವೆಯುವುದುಂಟು.

ನೀವು ಬರೆದದ್ದರಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಹಳೇ ತೂಕದ ಅರ್ಧದಿಂದ ಶುರು ಮಾಡಿ. 70 ಕೆಜಿ ಎತ್ತುತ್ತಿದ್ದರೆ 35. ಬೆಳಗಿನ ಪರೀಕ್ಷೆ ಪಾಸಾದರೆ ಮುಂದಿನ ವಾರ ಎರಡೂವರೆ ಕೆಜಿ ಸೇರಿಸಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಇದಕ್ಕೆ ಸಾಮಾನ್ಯವಾಗಿ ಮೂರು ತಿಂಗಳು ಹಿಡಿಯುತ್ತದೆ. ಒಂದು ನೋಟ್‌ಬುಕ್ ಇಟ್ಟು ಪ್ರತಿದಿನದ ತೂಕ, ಸೆಟ್, ಮಾರನೇ ಬೆಳಗಿನ ನೋವಿನ ಅಂಕ ಬರೆಯಿರಿ. ಆರು ವಾರ ಕಳೆದರೂ ಅಂಕ ಇಳಿಯದಿದ್ದರೆ ಆ ನೋಟ್‌ಬುಕ್ ಹಿಡಿದು ಒಳ್ಳೆಯ ಫಿಸಿಯೋ ಹತ್ತಿರ ಹೋಗಿ. ಎಲ್ಲಿ ಭಾರ ಜಾಸ್ತಿಯಾಯಿತು ಅಂತ ಅವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.