ಪದ ಪರಿಚಯ: ಪಿಚರ್

ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ‘ಪಿಚರ್’ ಹುಡುಕಿದವರಿಗೆ ಮೊದಲು ಎದುರಾಗುವುದು ಹೂಜಿ. ಬೇಸ್‌ಬಾಲ್ ಸುದ್ದಿಯೊಂದನ್ನು ಯಂತ್ರಾನುವಾದದ ಕೈಗೆ ಕೊಟ್ಟರೆ ಹೂಜಿಯೇ ಮೈದಾನದ ನಡುವೆ ನಿಂತು ಚೆಂಡು ಎಸೆಯುವ ಅಪಾಯವುಂಟು. ನೀರಿನ ಹೂಜಿಗೂ ಈ ಆಟಗಾರನಿಗೂ ಕಾಗುಣಿತದ ಹೊರತು ಯಾವ ನಂಟೂ ಇಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಪಿಚ್ ಎಂದರೆ 22 ಗಜದ ನೆಲ, ಬೇಸ್‌ಬಾಲಿನಲ್ಲಿ ಅದು ಎಸೆತ. ಬ್ಯಾಟುಗಾರನತ್ತ ಚೆಂಡು ಕಳಿಸುವವನೇ ಪಿಚರ್, ನಮ್ಮ ಬೌಲರ್‌ನ ದಾಯಾದಿ.

‘ಎಸೆಯುವವನು’ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಪದ ಹುಟ್ಟಿದಾಗ ಅದರ ಅರ್ಥ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿತ್ತು. ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ 1845ರಲ್ಲಿ ಬರೆದುಕೊಂಡ ನಿಯಮಗಳ ಪ್ರಕಾರ ಚೆಂಡನ್ನು ‘ಪಿಚ್’ ಮಾಡಬೇಕು, ‘ಥ್ರೋ’ ಮಾಡಕೂಡದು. ಪಿಚ್ ಎಂದರೆ ತೋಳನ್ನು ಕೆಳಗಿನಿಂದ ಬೀಸಿ ಮೆಲ್ಲಗೆ ತೂರಿಬಿಡುವುದು. ಕುದುರೆ ಲಾಳವನ್ನು ದೂರದ ಗೂಟಕ್ಕೆ ತೂರುವ ಆಟಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ. ಆ ಕಾಲದ ಪಿಚರ್ ಎದುರಾಳಿಯಲ್ಲ, ಪಂಕ್ತಿಯಲ್ಲಿ ಬಡಿಸುವವನು. ಬ್ಯಾಟುಗಾರ ತನಗೆ ಚೆಂಡು ಎತ್ತರದಲ್ಲಿ ಬೇಕೋ ತಗ್ಗಿನಲ್ಲಿ ಬೇಕೋ ಎಂದು ಕೇಳಿ ಹಾಕಿಸಿಕೊಳ್ಳುವ ಪದ್ಧತಿಯೂ ಇತ್ತು. ಅದು ಪೂರ್ತಿ ನಿಂತದ್ದು 1887ರಲ್ಲಿ.

ಬಡಿಸುವ ಕೈ ಹೊಡೆಯುವ ಕೈಯಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಬ್ರೂಕ್ಲಿನ್‌ನ ಜಿಮ್ ಕ್ರೈಟನ್ 1860ರ ಸುಮಾರಿಗೆ ತೋಳನ್ನು ಕೆಳಗಿಟ್ಟುಕೊಂಡೇ ಮಣಿಕಟ್ಟನ್ನು ಚಿಮ್ಮಿಸಿ ವೇಗ ತಂದ. ಆಟಕ್ಕೆ ಹಣ ಪಡೆಯುವುದು ನಿಷಿದ್ಧವಾಗಿದ್ದ ಆ ದಿನಗಳಲ್ಲಿ ಅವನಿಗೆ ಗುಟ್ಟಾಗಿ ಹಣ ಸಲ್ಲುತ್ತಿತ್ತೆಂದು ಇತಿಹಾಸಕಾರರು ನಂಬುತ್ತಾರೆ. 1862ರಲ್ಲಿ, 21ನೆಯ ವಯಸ್ಸಿಗೇ ಅವನು ತೀರಿಕೊಂಡ. ಮುಂದಿನವರು ತೋಳನ್ನು ಸೊಂಟದಿಂದ ಭುಜಕ್ಕೆ ಏರಿಸಿದರು. ನಿಯಮ ಹಿಂದಿನಿಂದ ಓಡಿಬಂದು ಒಪ್ಪಿಗೆ ಕೊಡುತ್ತಾ ಹೋಯಿತು. ಕೊನೆಗೆ 1884ರಲ್ಲಿ ಅಮೆರಿಕದ ವೃತ್ತಿಪರ ತಂಡಗಳ ಕೂಟವಾದ ನ್ಯಾಷನಲ್ ಲೀಗ್ ತೋಳನ್ನು ಭುಜದ ಮೇಲಕ್ಕೆತ್ತಿ ಎಸೆಯಲು ಬಿಟ್ಟಿತು. ಪಿಚರ್ ಥ್ರೋ ಮಾಡತೊಡಗಿದ, ಹೆಸರು ಮಾತ್ರ ಬದಲಾಗಲಿಲ್ಲ.

ಅದೇ ವರ್ಷ ಈ ಹುದ್ದೆಯ ಭಾರವನ್ನೆಲ್ಲ ಒಬ್ಬನೇ ಹೊತ್ತ. ಚಾರ್ಲ್ಸ್ ರಾಡ್‌ಬರ್ನ್, ‘ಓಲ್ಡ್ ಹಾಸ್’, ಎಂದರೆ ಮುದಿ ಕುದುರೆ. ಇಲಿನಾಯ್‌ನ ಬ್ಲೂಮಿಂಗ್‌ಟನ್‌ನಲ್ಲಿ ಬೆಳೆದ ಕಟುಕನ ಮಗ. 1881ರಿಂದ ಪ್ರಾವಿಡೆನ್ಸ್ ಗ್ರೇಸ್ ತಂಡದಲ್ಲಿದ್ದ. 1884ರಲ್ಲಿ ತಂಡದ ಮುಖ್ಯ ಪಿಚರ್‌ಗಳು ಇಬ್ಬರೇ: ರಾಡ್‌ಬರ್ನ್ ಮತ್ತು ಚಾರ್ಲಿ ಸ್ವೀನಿ. ಒಬ್ಬರಿಗೊಬ್ಬರು ಆಗದವರು. ಜುಲೈ ನಡುವಿನಲ್ಲಿ ಕ್ಲಬ್ ರಾಡ್‌ಬರ್ನ್‌ನನ್ನು ಅಮಾನತು ಮಾಡಿತು. ಕೆಲವೇ ದಿನಗಳಲ್ಲಿ, ಜುಲೈ 22ರಂದು, ಸ್ವೀನಿ ಪಂದ್ಯದ ನಡುವೆಯೇ ಮೈದಾನ ಬಿಟ್ಟು ನಡೆದ, ಅವನನ್ನು ಹೊರಹಾಕಿದರು. ಗತಿಯಿಲ್ಲದ ತಂಡ ಅಮಾನತಾದವನ ಬಳಿಗೇ ಬಂತು. ಉಳಿದ ಪಂದ್ಯಗಳನ್ನು ತಾನೇ ನಿಭಾಯಿಸುತ್ತೇನೆ ಎಂದು ಆತ ಒಪ್ಪಿದ, ಷರತ್ತಿನ ಮೇಲೆ: ಹೆಚ್ಚು ಸಂಬಳ, ಮತ್ತು ಋತು ಮುಗಿದ ಮೇಲೆ ಬಿಡುಗಡೆ. ಆಗ ಆಟಗಾರ ಕ್ಲಬ್ಬಿನ ಸೊತ್ತಿನಂತಿದ್ದ. ಕ್ಲಬ್ ಬಿಡದೆ ಅವನು ಬೇರೆಡೆ ಹೋಗುವಂತಿರಲಿಲ್ಲ. ಹಾಗಾಗಿ ಕೇಳಿದ್ದರಲ್ಲಿ ಎರಡನೆಯದೇ ದೊಡ್ಡದು ಎಂದು ನನಗನ್ನಿಸುತ್ತದೆ.

ಆಮೇಲೆ ನಡೆದದ್ದು ಈಗಿನ ಪಿಚರ್‌ಗಳಿಗೆ ಕೆಟ್ಟ ಕನಸು. ದಿನ ಬಿಟ್ಟು ದಿನ, ಎಷ್ಟೋ ಸಲ ದಿನವೂ, ಒಂದೇ ತೋಳು. ಆ ಋತುವಿನಲ್ಲಿ ಆತ ಆರಂಭಿಸಿದ ಪಂದ್ಯಗಳು 73, ಕೊನೆಯ ತನಕ ತಾನೇ ಎಸೆದು ಮುಗಿಸಿದವೂ 73. ಒಟ್ಟು 678ಕ್ಕೂ ಹೆಚ್ಚು ಇನ್ನಿಂಗ್ಸ್ (ಬೇಸ್‌ಬಾಲಿನಲ್ಲಿ ಮೂವರು ಔಟಾದರೆ ತಂಡದ ಒಂದು ಸರದಿ ಮುಗಿಯುತ್ತದೆ, ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು). ಇಂದು 200 ದಾಟಿದರೆ ಬೆನ್ನು ತಟ್ಟುತ್ತಾರೆ. ಬೆಳಗ್ಗೆ ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲವಂತೆ. ಪಂದ್ಯಕ್ಕೆ ಬಹಳ ಮುಂಚೆಯೇ ಮೈದಾನಕ್ಕಿಳಿದು ಮೊದಲು ಕೆಲವೇ ಅಡಿ ದೂರಕ್ಕೆ ಚೆಂಡು ತೂರಿ, ನೋವು ಸಡಿಲಿದಂತೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತಿದ್ದ ಎಂಬ ಕತೆಯಿದೆ. ಪ್ರಾವಿಡೆನ್ಸ್ ತಂಡ ನ್ಯಾಷನಲ್ ಲೀಗ್ ಗೆದ್ದಿತು. ಅಕ್ಟೋಬರಿನಲ್ಲಿ ಇನ್ನೊಂದು ಲೀಗಿನ ಚಾಂಪಿಯನ್ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ವಿರುದ್ಧ ಮೂರು ದಿನಗಳಲ್ಲಿ ನಡೆದ ಮೂರು ಪಂದ್ಯಗಳನ್ನೂ ಆತನೇ ಎಸೆದು ಗೆಲ್ಲಿಸಿದ.

ಬೇಸ್‌ಬಾಲಿನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ರಾಡ್‌ಬರ್ನ್ ಖಾತೆಯಲ್ಲಿ ಆ ವರ್ಷ 59 ಎನ್ನುವವರಿದ್ದಾರೆ, 60 ಎನ್ನುವವರೂ ಇದ್ದಾರೆ. ಇಬ್ಬರು ಪಿಚರ್‌ಗಳು ಹಂಚಿಕೊಂಡ ಒಂದು ಪಂದ್ಯವನ್ನು ಯಾರ ಲೆಕ್ಕಕ್ಕೆ ಹಾಕಬೇಕೆಂಬ ಜಗಳ ಅದು. 59 ಎಂದೇ ಇಟ್ಟುಕೊಳ್ಳಿ. ಒಂದು ಋತುವಿನಲ್ಲಿ 30 ಗೆದ್ದವರು 1968ರ ಡೆನ್ನಿ ಮೆಕ್‌ಲೇನ್ ನಂತರ ಯಾರೂ ಇಲ್ಲ.

1891ಕ್ಕೆ ರಾಡ್‌ಬರ್ನ್‌ನ ಆಟ ಮುಗಿಯಿತು. ಬ್ಲೂಮಿಂಗ್‌ಟನ್‌ಗೆ ಮರಳಿ ಮದ್ಯದಂಗಡಿ ನಡೆಸಿದ. ಬೇಟೆಯಲ್ಲಾದ ಅವಘಡದಿಂದ ಒಂದು ಕಣ್ಣು ಹೋಯಿತು. 1897ರಲ್ಲಿ ತೀರಿಕೊಂಡಾಗ ವಯಸ್ಸು 42. ಬೇಸ್‌ಬಾಲಿನ ಮಹಾನ್ ಆಟಗಾರರನ್ನು ಗೌರವಿಸುವ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಆತನ ಹೆಸರು ಸೇರಿಸಿದ್ದು 1939ರಲ್ಲಿ.

ಪದಕ್ಕೆ ಮರಳುವುದಾದರೆ, ಬೌಲರ್‌ನ ಕತೆಯೂ ಇದೇ. ‘ಬೌಲ್’ ಎಂದರೆ ಮೂಲದಲ್ಲಿ ಉರುಳಿಸು. ತೋಳನ್ನು ತಲೆಯ ಮೇಲಿಂದ ತಿರುಗಿಸಲು ಕ್ರಿಕೆಟ್ ಒಪ್ಪಿದ್ದು 1864ರಲ್ಲಿ, ಬೇಸ್‌ಬಾಲಿಗಿಂತ ಇಪ್ಪತ್ತು ವರ್ಷ ಮೊದಲು. ಮೊಣಕೈ ಬಿಚ್ಚಿ ಎಸೆಯುವುದು ಕ್ರಿಕೆಟ್ಟಿನಲ್ಲಿ ಇಂದಿಗೂ ತಪ್ಪು. ಆದರೂ ನಮ್ಮ ಪತ್ರಿಕೆಗಳು ಪ್ರತಿ ಚೆಂಡನ್ನೂ ‘ಎಸೆತ’ ಎಂದೇ ಬರೆಯುತ್ತವೆ, ಯಾವ ಅಂಪೈರೂ ಕೈ ಚಾಚಿ ನೋಬಾಲ್ ಎಂದಿಲ್ಲ. ನಿಜಾರ್ಥದ ಪಿಚರ್‌ನನ್ನು ನೋಡಬೇಕೆಂದರೆ ಸಾಫ್ಟ್‌ಬಾಲ್ ಮೈದಾನಕ್ಕೆ ಹೋಗಬೇಕು. ಅಲ್ಲಿ ಚೆಂಡು ಇವತ್ತಿಗೂ ಸೊಂಟದ ಪಕ್ಕದಿಂದ, ಕೆಳಗಿನಿಂದಲೇ ಹೊರಡುತ್ತದೆ, ಬಡಿಸುವವರ ಸೌಮ್ಯತೆ ಮಾತ್ರ ಅದರಲ್ಲಿ ಎಳ್ಳಷ್ಟೂ ಇಲ್ಲ.