ಬಸಿರಿನಲ್ಲಿ ನುಂಗಿದ ಮಾತ್ರೆಯ ಲೆಕ್ಕ

ಡೆನ್ಮಾರ್ಕಿನ 64,322 ಮಕ್ಕಳ ಮಾಹಿತಿ ಇಟ್ಟುಕೊಂಡು 2014ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಬಸಿರಿನಲ್ಲಿ ಪ್ಯಾರಸಿಟಮಾಲ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಎಡಿಎಚ್‌ಡಿಯ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ತೀವ್ರ ರೂಪ ಕಾಣುವ ಅಪಾಯ ಉಳಿದವರಿಗಿಂತ 1.37 ಪಟ್ಟು ಎಂದು ಅದು ಹೇಳಿತು. ಹತ್ತು ವರ್ಷಗಳ ನಂತರ ಸ್ವೀಡನ್‌ನಲ್ಲಿ 1995ರಿಂದ 2019ರವರೆಗೆ ಹುಟ್ಟಿದ 24.8 ಲಕ್ಷ ಮಕ್ಕಳ ಲೆಕ್ಕ ಬಂತು. ಅಲ್ಲಿ ಎಡಿಎಚ್‌ಡಿಯ ಅಪಾಯ 1.07 ಪಟ್ಟು. ಅದೇ ದತ್ತಾಂಶದಲ್ಲಿ ಒಡಹುಟ್ಟಿದವರನ್ನು ಮಾತ್ರ ಪರಸ್ಪರ ಹೋಲಿಸಿದಾಗ ಅದು 0.98ಕ್ಕೆ ಇಳಿಯಿತು, ಅಂದರೆ ವ್ಯತ್ಯಾಸವೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಶ್ವೇತಭವನ ಗರ್ಭಿಣಿಯರಿಗೆ ಟೈಲೆನಾಲ್ ಬೇಡವೆಂದಾಗ ಈ ಚರ್ಚೆ ಬೀದಿಗೆ ಬಂತು. ಟೈಲೆನಾಲ್ ಎಂದರೆ ಬೇರೇನಲ್ಲ, ನಮ್ಮ ಡೋಲೋ, ಕ್ರೋಸಿನ್‌ನಲ್ಲಿರುವ ಮದ್ದೇ.

ಮದ್ದು ಒಂದೇ ಆದರೂ ಉತ್ತರ ಬದಲಾದದ್ದೇಕೆ? ಯಾರನ್ನು ಯಾರ ಪಕ್ಕದಲ್ಲಿ ನಿಲ್ಲಿಸಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಮಾತ್ರೆ ನುಂಗುವವರು ಸುಮ್ಮನೆ ನುಂಗುವುದಿಲ್ಲ. ಜ್ವರ, ಮೈಗ್ರೇನ್, ಸೋಂಕು, ಬೆನ್ನುನೋವು ಏನೋ ಒಂದು ಇರುತ್ತದೆ. ಎಡಿಎಚ್‌ಡಿ ಇರುವ ತಾಯಿಗೆ ನೋವಿನ ಮಾತ್ರೆಯ ಬಳಕೆಯೂ ಹೆಚ್ಚಿರಬಹುದು, ಮಗುವಿಗೆ ಅದೇ ತೊಂದರೆ ವಂಶವಾಹಿಯಿಂದಲೇ ಬರಬಹುದು. ಹೀಗೆ ಎರಡೂ ಕಡೆ ಕೈಯಾಡಿಸುವ ಅಂಶವನ್ನು ಸಂಖ್ಯಾಶಾಸ್ತ್ರದವರು ಕನ್‌ಫೌಂಡರ್ ಎನ್ನುತ್ತಾರೆ. ವಯಸ್ಸು, ಓದು, ಧೂಮಪಾನ, ತೂಕ ಇವುಗಳನ್ನು ಅಳೆದು, ರಿಗ್ರೆಷನ್ ಎಂಬ ಲೆಕ್ಕದ ವಿಧಾನದಲ್ಲಿ ಅವುಗಳ ಪಾಲನ್ನು ಕಳೆದು ಸರಿದೂಗಿಸಬಹುದು. ವಂಶವಾಹಿಯನ್ನು, ಮನೆಯ ವಾತಾವರಣವನ್ನು ಯಾವ ಪ್ರಶ್ನಾವಳಿಯೂ ಪೂರ್ತಿ ಹಿಡಿಯಲಾರದು.

ಒಡಹುಟ್ಟಿದವರ ಹೋಲಿಕೆ ಬೇಕಾಗುವುದು ಇಲ್ಲಿಯೇ. ಒಂದೇ ತಾಯಿ, ಒಂದು ಬಸಿರಿನಲ್ಲಿ ಮಾತ್ರೆ ತೆಗೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಪ್ರತಿ ಕುಟುಂಬವನ್ನೂ ಒಂದು ಸ್ತರವಾಗಿಟ್ಟು, ಅಂದರೆ ಹೋಲಿಕೆಯನ್ನು ಆ ಕುಟುಂಬದೊಳಗೇ ನಿಲ್ಲಿಸಿ, ಕಾಕ್ಸ್ ಮಾದರಿ (ಕಾಲ ಕಳೆದಂತೆ ತೊಂದರೆ ಕಾಣುವ ಅಪಾಯವನ್ನು ಹೋಲಿಸುವ ಲೆಕ್ಕ) ಓಡಿಸಿದರೆ, ಇಬ್ಬರಿಗೂ ಸಮಾನವಾದದ್ದೆಲ್ಲ ತಾನಾಗಿ ಕಳೆದುಹೋಗುತ್ತದೆ. ಆದರೆ ಇದು ಪುಕ್ಕಟೆ ಸಿಗುವುದಿಲ್ಲ. ಎರಡೂ ಬಸಿರಿನಲ್ಲಿ ಮಾತ್ರೆ ತೆಗೆದುಕೊಂಡವರು, ಎರಡರಲ್ಲೂ ಮುಟ್ಟದವರು ಲೆಕ್ಕಕ್ಕೆ ಏನನ್ನೂ ಕೊಡುವುದಿಲ್ಲ. ಲಕ್ಷಗಳಿಂದ ಶುರುವಾದ ಅಧ್ಯಯನ ಕೊನೆಗೆ ಸಣ್ಣ ಗುಂಪಿನ ಮೇಲೆ ನಿಲ್ಲುತ್ತದೆ. ಒಂದು ಬಸಿರಿಗಷ್ಟೇ ಬಂದ ಜ್ವರ, ಹೆರಿಗೆಯ ಕ್ರಮಾಂಕ, ತಾಯಿಯ ವಯಸ್ಸು ಹೀಗೆ ಮಕ್ಕಳ ನಡುವೆ ಬದಲಾಗುವಂಥವನ್ನು ಕೈಯಾರೆ ಸೇರಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಳತೆಯ ತಪ್ಪು. ಔಷಧದ ಪ್ರಮಾಣವನ್ನು ಅಳೆದದ್ದರಲ್ಲಿ ವಿಶ್ವಾಸಾರ್ಹತೆ 0.8 ಎಂದಿಟ್ಟುಕೊಳ್ಳಿ, ಅಂದರೆ ಅಳತೆಯ ಏರಿಳಿತದಲ್ಲಿ ಶೇ 80 ನಿಜ, ಉಳಿದದ್ದು ತಪ್ಪು. ಸಾಮಾನ್ಯ ವಿಶ್ಲೇಷಣೆಯಲ್ಲಿ ನಿಜವಾದ ಪರಿಣಾಮದ ಶೇ 80 ಕಾಣುತ್ತದೆ. ಒಡಹುಟ್ಟಿದವರ ನಡುವೆ ಆ ಔಷಧ ಬಳಕೆಯ ನಿಜವಾದ ಸಹಸಂಬಂಧ (ಇಬ್ಬರ ಬಳಕೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ) 0.6 ಇದ್ದರೆ, ಹೋಲಿಕೆಯಲ್ಲಿ ಉಳಿಯುವುದು ಶೇ 62 ಮಾತ್ರ. ಇಬ್ಬರಿಗೂ ಸಮಾನವಾದ ನಿಜ ಕಳೆದುಹೋಗುತ್ತದೆ, ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಒಡಹುಟ್ಟಿದವರಲ್ಲಿ ಸಂಬಂಧ ತೆಳುವಾದರೆ ಅದಷ್ಟೂ ಕುಟುಂಬದ ಪ್ರಭಾವ ಎಂದು ತೀರ್ಮಾನಿಸುವುದು ಅವಸರ. ಸ್ವೀಡನ್‌ನ ದಾಖಲೆಯಲ್ಲಿ ಪ್ಯಾರಸಿಟಮಾಲ್ ಬಳಸಿದವರು ಶೇ 7.5 ಮಾತ್ರ, ಡೆನ್ಮಾರ್ಕಿನಲ್ಲಿ ತಾಯಂದಿರನ್ನೇ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎಂದಿದ್ದರು. ಅಕ್ಕಪಕ್ಕದ ಎರಡು ದೇಶಗಳಲ್ಲಿ ತಲೆನೋವು ಇಷ್ಟೊಂದು ಬೇರೆ ಇರಲಾರದು. ಸ್ವೀಡನ್‌ನ ಫಲಿತಾಂಶವನ್ನು ಇದು ಅಳಿಸಿಹಾಕುವುದಿಲ್ಲ, ಆದರೆ 0.98ನ್ನು ಓದುವಾಗ ಈ ಶೇ 7.5 ನೆನಪಿನಲ್ಲಿರಬೇಕು.

ಇನ್ನೊಂದು ಉಪಾಯ ತಂದೆಯನ್ನು ಎಳೆದು ತರುವುದು. ತಂದೆ ನುಂಗಿದ ಮಾತ್ರೆ ಗರ್ಭಕ್ಕೆ ತಲುಪುವುದಿಲ್ಲ. ಅವನ ಬಳಕೆಗೂ ಮಗುವಿನ ತೊಂದರೆಗೂ ಅಷ್ಟೇ ಸಂಬಂಧ ಕಂಡರೆ, ಕಾರಣ ಮನೆಯಲ್ಲಿದೆ, ಗರ್ಭದಲ್ಲಿಲ್ಲ ಎಂಬ ಅನುಮಾನ ಗಟ್ಟಿಯಾಗುತ್ತದೆ. ಬ್ರಿಸ್ಟಲ್‌ನ ಆಲ್‌ಸ್ಪ್ಯಾಕ್ ಸಮೂಹದಲ್ಲಿ (ಬಸಿರಿನಿಂದಲೇ ತಾಯಿ-ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ) ತಾಯಿ ಬಸಿರಿನಲ್ಲಿ ತೆಗೆದುಕೊಂಡದ್ದು, ಹೆರಿಗೆಯ ನಂತರ ತೆಗೆದುಕೊಂಡದ್ದು, ಸಂಗಾತಿ ತೆಗೆದುಕೊಂಡದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2016ರ ಆ ವರದಿಯಲ್ಲಿ ಮಗುವಿನ ವರ್ತನೆಯ ತೊಂದರೆಗೆ ನಂಟು ಕಂಡದ್ದು ಮೊದಲನೆಯದಕ್ಕೆ ಮಾತ್ರ. ಹೀಗೆ ಒಂದು ಉಪಾಯ ಗರ್ಭದ ಕಡೆ, ಇನ್ನೊಂದು ಕುಟುಂಬದ ಕಡೆ ಬೆರಳು ತೋರಿಸಿದಾಗ, ಎರಡರಲ್ಲೂ ಯಾವ ಊಹೆ ಮುರಿದಿದೆ ಎಂದು ಹುಡುಕಬೇಕೇ ಹೊರತು ಸರಾಸರಿ ತೆಗೆಯಬಾರದು.

ಕಾಲದ ಲೆಕ್ಕದಲ್ಲಿ ಎಡವುವವರೂ ಬಹಳ. 30ನೇ ವಾರದಲ್ಲಿ ಕೊಡುವ ಔಷಧವೊಂದನ್ನು 'ತೆಗೆದುಕೊಂಡವರು', 'ತೆಗೆದುಕೊಳ್ಳದವರು' ಎಂದು ವಿಂಗಡಿಸಿದರೆ, 28ನೇ ವಾರಕ್ಕೇ ಹೆತ್ತವರೆಲ್ಲ ಎರಡನೇ ಗುಂಪಿಗೆ ಬೀಳುತ್ತಾರೆ. ಔಷಧ ಅವಧಿಪೂರ್ವ ಹೆರಿಗೆಯನ್ನು ತಡೆದಂತೆ ಕಾಣುತ್ತದೆ, ಏನೂ ಮಾಡದಿದ್ದರೂ. ಬಸಿರಿನ ವಾರವನ್ನೇ ಕಾಲದ ಅಕ್ಷವಾಗಿಟ್ಟು, ಔಷಧ ಶುರುವಾದ ವಾರದಿಂದಷ್ಟೇ ಆಕೆಯನ್ನು ಮೊದಲ ಗುಂಪಿಗೆ ಎಣಿಸಬೇಕು. ಆ ವಾರವೂ ಕಡೆಯ ಮುಟ್ಟಿನ ನೆನಪಿನಿಂದ ಬಂದದ್ದಾದರೆ ಜಾರಬಹುದು. ಮೊದಲ ಮೂರು ತಿಂಗಳ ಸ್ಕ್ಯಾನ್ ಇದ್ದರೆ ತಪ್ಪು ಐದರಿಂದ ಏಳು ದಿನದೊಳಗೆ ನಿಲ್ಲುತ್ತದೆ. ನಮ್ಮಲ್ಲಿ ತಾಯಿ ಕಾರ್ಡ್ ನೋಡಿ ಅಧ್ಯಯನ ಮಾಡುವವರಿಗೆ ಇನ್ನೊಂದು ಗಂಟು: ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಂಡ ಮಾತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಪ್ರತಿ ತಪಾಸಣೆಯಲ್ಲೂ ಕೇಳಬೇಕು: ಯಾವ ಮಾತ್ರೆ, ಏತಕ್ಕೆ, ಎಷ್ಟು ದಿನ. 'ಏತಕ್ಕೆ' ಬಿಟ್ಟುಹೋದರೆ ಜ್ವರದ ಪಾಲೂ ಮಾತ್ರೆಯ ಪಾಲೂ ಬೇರ್ಪಡುವುದಿಲ್ಲ.

ಮಗುವಿನ ಹುಟ್ಟುತೂಕವನ್ನು ಸರಿದೂಗಿಸುವ ಚಪಲ ಬೇಡ. ಅದು ಬಸಿರಿನ ಪರಿಣಾಮವೇ ಆಗಿರಬಹುದು. ಕಡಿಮೆ ತೂಕದ ಕೂಸುಗಳನ್ನಷ್ಟೇ ನೋಡಿದರೆ ಧೂಮಪಾನಿ ತಾಯಂದಿರ ಕೂಸುಗಳೇ ಹೆಚ್ಚು ಬದುಕುಳಿದಂತೆ ಕಾಣುವ ವಿಚಿತ್ರ ಈ ದಾರಿಯಲ್ಲೇ ಹುಟ್ಟಿದ್ದು.

ತಂದೆಯನ್ನು ತಂದು ನಿಲ್ಲಿಸುವ ಉಪಾಯ ಮೈಸೂರಿನಲ್ಲೂ ನಡೆದಿದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಪಾರ್ಥೆನಾನ್ ಸಮೂಹದಲ್ಲಿ, ಸುಮಾರು 30ನೇ ವಾರದಲ್ಲಿ ಗ್ಲೂಕೋಸ್ ಪರೀಕ್ಷೆ ಮಾಡಿ ಗರ್ಭಾವಸ್ಥೆಯ ಮಧುಮೇಹ ಗುರುತಿಸಿದ್ದರು. ಒಂಬತ್ತೂವರೆ ವರ್ಷದ ಹೊತ್ತಿಗೆ ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೊಬ್ಬಿನ ಅಂಶವೂ ಇನ್ಸುಲಿನ್ ಪ್ರತಿರೋಧವೂ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚಿತ್ತು. ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ತಲಾ 40ರ ಆಸುಪಾಸು ಮಕ್ಕಳಷ್ಟೇ ಇದ್ದರು, ಆದ್ದರಿಂದ ಅಂದಾಜಿನ ವ್ಯಾಪ್ತಿ ಅಗಲವಾಗಿಯೇ ಇರುತ್ತದೆ.