ಮೆಂಡೋಜಾ ರೇಖೆ: ಒಂದೇ ಒಂದು ಹಿಟ್‌ನ ಅಂತರ

1979ರಲ್ಲಿ ಅಮೆರಿಕದ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡಕ್ಕಾಗಿ 148 ಪಂದ್ಯಗಳನ್ನಾಡಿದ ಮಾರಿಯೋ ಮೆಂಡೋಜಾ, ಲೆಕ್ಕಕ್ಕೆ ಸೇರುವ 373 ಸರದಿಗಳಲ್ಲಿ 74 ಹಿಟ್ ಗಳಿಸಿದರು. ಭಾಗಿಸಿದರೆ ಬರುವುದು 0.198. ಬೇಸ್‌ಬಾಲ್ ಬ್ಯಾಟರ್ ಒಬ್ಬನ ಸರಾಸರಿ 0.200ಕ್ಕಿಂತ ಕೆಳಗಿಳಿದರೆ ಅವನು ‘ಮೆಂಡೋಜಾ ಲೈನ್’ನ ಕೆಳಗೆ ಬಿದ್ದ ಎಂದು ಅಮೆರಿಕದ ಕ್ರೀಡಾಭಿಮಾನಿಗಳು ಇಂದಿಗೂ ಹೇಳುತ್ತಾರೆ. ನಮ್ಮ ಪರೀಕ್ಷೆಗಳ ‘ಜಸ್ಟ್ ಪಾಸ್’ ಗೆರೆಯಂತೆ ಇದು ಎನ್ನಬಹುದು. ಆದರೆ ಆ ಗೆರೆಗೆ ಒಬ್ಬ ಮನುಷ್ಯನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ.

ಕ್ರಿಕೆಟ್‌ನಲ್ಲಿ ಪಳಗಿದ ನಮಗೆ ಈ ಸರಾಸರಿ ಮೊದಲಿಗೆ ಗೊಂದಲ ಹುಟ್ಟಿಸುತ್ತದೆ. ಇಲ್ಲಿ ಎಣಿಸುವುದು ರನ್‌ಗಳನ್ನಲ್ಲ. ಎದುರಾಳಿ ಫೀಲ್ಡರ್ ತಪ್ಪೆಸಗದೆಯೂ, ತನ್ನ ಹೊಡೆತದ ಬಲದಿಂದಲೇ ಬ್ಯಾಟರ್ ಒಂದು ಬೇಸನ್ನಾದರೂ (ಓಡಿ ಮುಟ್ಟಬೇಕಾದ ನೆಲೆ) ಸುರಕ್ಷಿತವಾಗಿ ತಲುಪಿದರೆ ಅದು ಹಿಟ್. ಹಿಟ್‌ಗಳ ಸಂಖ್ಯೆಯನ್ನು ಸರದಿಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ. ಪಿಚರ್ ನಾಲ್ಕು ಕೆಟ್ಟ ಎಸೆತ ಎಸೆದದ್ದರಿಂದ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಕ್ಕರೆ ಆ ಸರದಿ ಈ ಲೆಕ್ಕಕ್ಕೇ ಬರುವುದಿಲ್ಲ. ಹತ್ತು ಸರದಿಗಳಲ್ಲಿ ಏಳು ಬಾರಿ ಸೋತು ಮೂರು ಬಾರಿ ಗೆದ್ದವನು, ಅಂದರೆ 0.300 ಸರಾಸರಿಯವನು, ಇಲ್ಲಿ ಉತ್ತಮ ಬ್ಯಾಟರ್. ಅಂಕಿಅಂಶಗಳ ಈ ಗೀಳಿಗೆ ಕ್ರಿಕೆಟ್‌ನ ನಂಟೂ ಇದೆ: ಬೇಸ್‌ಬಾಲ್‌ನ ಅಂಕಪಟ್ಟಿಗೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಹೆನ್ರಿ ಚಾಡ್ವಿಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಮೊದಲು ವರದಿ ಮಾಡುತ್ತಿದ್ದದ್ದು ಕ್ರಿಕೆಟ್ ಪಂದ್ಯಗಳನ್ನು.

ಮೆಕ್ಸಿಕೋದ ಚಿವಾವಾದವರಾದ ಮೆಂಡೋಜಾ ಶಾರ್ಟ್‌ಸ್ಟಾಪ್ ಆಟಗಾರರು. ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಂತು, ಬಿರುಸಾಗಿ ಬರುವ ಚೆಂಡನ್ನು ತಡೆದು ಕ್ಷಣಾರ್ಧದಲ್ಲಿ ಎಸೆಯಬೇಕಾದ ಈ ಸ್ಥಾನದಲ್ಲಿ ಚುರುಕಾದ ಕೈಗಳಿದ್ದರೆ ಬ್ಯಾಟಿಂಗ್ ದೌರ್ಬಲ್ಯವನ್ನು ತಂಡಗಳು ಸಹಿಸಿಕೊಳ್ಳುತ್ತಿದ್ದವು. ಅವರ ಕೈಗಳನ್ನಂತೂ ಜನ ರೇಷ್ಮೆಗೆ ಹೋಲಿಸುತ್ತಿದ್ದರು. ಮೆಂಡೋಜಾ ಅವರೇ ಹೇಳಿರುವ ಪ್ರಕಾರ, ಸಹ ಆಟಗಾರರಾದ ಟಾಮ್ ಪಚೋರೆಕ್ ಮತ್ತು ಬ್ರೂಸ್ ಬಾಕ್ಟೀ ತಮಾಷೆಗಾಗಿ ‘ಮೆಂಡೋಜಾ ಲೈನ್’ ಎಂಬ ಮಾತನ್ನು ಹುಟ್ಟುಹಾಕಿದರು. 1980ರ ಋತುವಿನ ಆರಂಭದಲ್ಲಿ ಅವರಿಬ್ಬರು ಕ್ಯಾನ್ಸಸ್ ಸಿಟಿ ತಂಡದ ಬ್ಯಾಟರ್ ಜಾರ್ಜ್ ಬ್ರೆಟ್ ಅವರಿಗೆ, ಹುಷಾರಾಗಿರದಿದ್ದರೆ ಆ ಗೆರೆಯ ಕೆಳಗೆ ಜಾರುತ್ತೀಯ ಎಂದು ಛೇಡಿಸಿದರಂತೆ. ಬ್ರೆಟ್ ಅದನ್ನು ಇಎಸ್‌ಪಿಎನ್ ವಾಹಿನಿಯ ಕ್ರಿಸ್ ಬರ್ಮನ್ ಅವರ ಕಿವಿಗೆ ಹಾಕಿದರು. ಆಮೇಲೆ ಅದು ದೇಶದ ಮಾತಾಯಿತು. ಛೇಡಿಸಿಕೊಂಡ ಬ್ರೆಟ್ ಆ ವರ್ಷ ಗಳಿಸಿದ ಸರಾಸರಿಯಾದರೋ 0.390!

ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಮಟ್ಟದಲ್ಲಿ, ಮೆಂಡೋಜಾ ಅವರ ಇಡೀ ಜೀವನದ ಸರಾಸರಿ 0.215, ಅಂದರೆ ತಮ್ಮದೇ ರೇಖೆಗಿಂತ ಮೇಲೆ. ಹಾಗಾದರೆ 1979ರಲ್ಲಿ ಅವರ ಆಟ ನಿಜಕ್ಕೂ ಕೆಟ್ಟಿತ್ತೇ? 0.215ರ ಸಾಮರ್ಥ್ಯವುಳ್ಳವನಿಗೆ 373 ಸರದಿಗಳಲ್ಲಿ ನಿರೀಕ್ಷಿಸಬಹುದಾದದ್ದು ಸುಮಾರು 80 ಹಿಟ್. ಪ್ರತಿ ಸರದಿಯನ್ನೂ ನಾಣ್ಯ ಚಿಮ್ಮಿದಂತೆ ಸ್ವತಂತ್ರ ಘಟನೆಯೆಂದು ಭಾವಿಸಿದರೆ, ಬರಿಯ ಅದೃಷ್ಟದಿಂದಲೇ ಈ ಸಂಖ್ಯೆ ಎಂಟರಷ್ಟು ಹೆಚ್ಚುಕಡಿಮೆಯಾಗುವುದು ತೀರ ಸಾಮಾನ್ಯ; ಸಂಖ್ಯಾಶಾಸ್ತ್ರದಲ್ಲಿ ಇದನ್ನು ಮಾನಕ ವಿಚಲನೆ ಎನ್ನುತ್ತಾರೆ. ಅವರಿಗೆ ಕಡಿಮೆ ಬಿದ್ದದ್ದು ಆರು. ಚೆಂಡು ಫೀಲ್ಡರ್‌ನ ಗ್ಲವ್ಸ್‌ಗೆ ಸಿಗದೆ ಇನ್ನೊಂದೇ ಬಾರಿ ಅರ್ಧ ಅಡಿ ಆಚೆ ಉರುಳಿದ್ದರೂ 75 ಹಿಟ್ ಆಗಿ, ಸರಾಸರಿ 0.201 ಆಗುತ್ತಿತ್ತು.

ಸರದಿಗಳು ಕಡಿಮೆಯಿದ್ದಷ್ಟೂ ಅದೃಷ್ಟದ ಪಾಲು ಹೆಚ್ಚು. ಸಂಖ್ಯಾಶಾಸ್ತ್ರಜ್ಞರಾದ ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್, 1970ರ ಋತುವಿನಲ್ಲಿ ತಲಾ 45 ಸರದಿ ಮುಗಿಸಿದ್ದ 18 ಆಟಗಾರರ ಸರಾಸರಿಗಳನ್ನು ಹಿಡಿದು ಒಂದು ಪ್ರಸಿದ್ಧ ವಿಶ್ಲೇಷಣೆ ಮಾಡಿದರು. ಚಾರ್ಲ್ಸ್ ಸ್ಟೈನ್ 1956ರಲ್ಲಿ ತೋರಿಸಿಕೊಟ್ಟ ವಿಚಿತ್ರವೊಂದು ಅದಕ್ಕೆ ಆಧಾರ: ಪ್ರತಿಯೊಬ್ಬನ ಸರಾಸರಿಯನ್ನೂ ಹಾಗೇ ನಂಬುವ ಬದಲು ಎಲ್ಲರ ಒಟ್ಟು ಸರಾಸರಿಯ ಕಡೆಗೆ ಒಂದಿಷ್ಟು ಎಳೆದರೆ, ಮುಂದಿನ ಆಟದ ಅಂದಾಜು ಒಟ್ಟಾರೆಯಾಗಿ ಹೆಚ್ಚು ನಿಖರವಾಗುತ್ತದೆ. ಆ ಪಟ್ಟಿಯ ತುದಿಯಲ್ಲಿದ್ದ ರಾಬರ್ಟೊ ಕ್ಲೆಮೆಂಟೆ 0.400ರಿಂದ ಉಳಿದ ಋತುವಿನಲ್ಲಿ 0.346ಕ್ಕೆ ಇಳಿದರು. ಬುಡದಿಂದ ಎರಡನೆಯವರು ಕೇವಲ ಎಂಟು ಹಿಟ್‌ಗಳೊಂದಿಗೆ 0.178ರಲ್ಲಿದ್ದ ನ್ಯೂಯಾರ್ಕ್ ಯಾಂಕೀಸ್‌ನ ಥರ್ಮನ್ ಮನ್ಸನ್. ಉಳಿದ ಋತುವಿನಲ್ಲಿ 0.316 ಗಳಿಸಿದ ಅವರು ಅಮೆರಿಕನ್ ಲೀಗ್‌ನ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು. ಅವರು ಗೆರೆಯ ಕೆಳಗಿದ್ದ ಆ ದಿನಗಳಲ್ಲಿ ಗೆರೆಗಿನ್ನೂ ಹೆಸರಿರಲಿಲ್ಲ. ಮೆಂಡೋಜಾ ಮೇಜರ್ ಲೀಗ್‌ಗೆ ಕಾಲಿಡಲು ಇನ್ನೂ ನಾಲ್ಕು ವರ್ಷವಿತ್ತು.